ಕೂಸಿಗೆ ಬೈಯುವ ಫೋನು

ನಮ್ಮ ಸತ್ಯನಾರಾಯಣಪೇಟೆಯಲ್ಲಿ ನಿಶಾತ್ ಏನು ಕೆಲಸ ಮಾಡುತ್ತಾಳೆಂದು ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಅವಳ ತಾಯಿ ಖಾತೂನ್‌ಬಿಯನ್ನು ಕೇಳಿದರೆ "ಫಾರಿನ್ ಕಂಪನಿಯಾಗ ಮಕ್ಕಳನ್ನ ಬೆಳಸ್ತಾಳ" ಎನ್ನುತ್ತಾಳೆ. ಬಳ್ಳಾರಿಯ ಮನೆಯಲ್ಲೇ ಕೂತಿರುವ ಹುಡುಗಿ ಫಾರಿನ್ನಿನ ಮಕ್ಕಳನ್ನು ಹೇಗೆ ಬೆಳೆಸುತ್ತಾಳೆ ಎಂದು ಓಣಿಯವರು ತಲೆ ಕೆಡಿಸಿಕೊಂಡಿದ್ದಾರೆ. ನಾನು ಎದುರುಮನೆಯ ಚಿದಾನಂದಪ್ಪ, ಮೂವತ್ತೆಂಟು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ನಿಶಾತ್ ನನ್ನ ಶಿಷ್ಯೆ. ಆದ್ದರಿಂದ ಸರಿಯಾದ ಸಂಗತಿ ಹೇಳುವ ಹಕ್ಕು ನನಗಿದೆ, ಕೇಳಿ.

ಅವಳು ತಂತ್ರಜ್ಞಾನ ಸಲಹೆಗಾರ್ತಿ. ಹಲವು ದೇಶಗಳಲ್ಲಿ ಸಣ್ಣ ಮಕ್ಕಳ ಬೆಳವಣಿಗೆಯ ಮೇಲೆ ಕಣ್ಣಿಡುವ ಒಂದು ಸಂಸ್ಥೆಗೆ ಕೆಲಸ ಮಾಡುತ್ತಾಳೆ. ಅವರು ಮಾಡಿಸಿದ ಆ್ಯಪನ್ನು ಸಿರುಗುಪ್ಪ, ಕುರುಗೋಡು ಕಡೆಯ ಅಂಗನವಾಡಿಗಳಿಗೆ ಹೊಂದಿಸುವುದು ಅವಳ ಪಾಲಿಗೆ ಬಂದಿತ್ತು. ವಾರಕ್ಕೊಮ್ಮೆ ಟೀಚರ್ ಕೂಸನ್ನು ತೂಗಿ ಫೋನಿನಲ್ಲಿ ತೂಕ ಒತ್ತಬೇಕು. ಕೂಸು ಹೇಗಿದೆ ಎಂದು ಫೋನು ತಾಯಿಗೆ ಗಟ್ಟಿಯಾಗಿ ಹೇಳುತ್ತದೆ. ಸೊರಗುತ್ತಿರುವ ಕೂಸು ಕೈಮೀರುವ ಮೊದಲೇ ಆಸ್ಪತ್ರೆ ಸೇರಬೇಕು, ಉದ್ದೇಶ ಇಷ್ಟೇ. "ಒಂದು ಕೂಸು ತಪ್ಪಿದ್ರೂ ನಾ ಮಾಡಿದ್ದೆಲ್ಲಾ ದಂಡ ಸರ್" ಎನ್ನುತ್ತಿದ್ದಳು ನಿಶಾತ್.

ಮೊದಲ ದಿನ ಸಿರಿಗೇರಿಯಲ್ಲಿ ಒಂದು ಗುಂಡುಗುಂಡನೆಯ ಕೂಸನ್ನು ತೂಗಿದರು. "ಅಭಿನಂದನೆಗಳು! ನಿಮ್ಮ ಮಗು ಬಹಳ ಚೆನ್ನಾಗಿ ಬೆಳೆಯುತ್ತಿದೆ!" ಎಂದಿತು ಫೋನು. ಹಿಂದೆಯೇ ಚಪ್ಪಾಳೆಯ ಸದ್ದು. ತಾಯಿ ಗಾಬರಿಬಿದ್ದು ಕೂಸನ್ನು ಸೆರಗಿನಲ್ಲಿ ಮುಚ್ಚಿದಳು. ನಾಲ್ಕು ಮಂದಿಯ ಎದುರಿಗೆ ಹೀಗೆ ಹೊಗಳಿದರೆ ಕಣ್ಣು ಬೀಳದೆ ಬಿಟ್ಟೀತೆ? ಕೂಸಿನ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಅಲ್ಲೇ ಒಲೆಗೆ ಹಾಕಿದಳು. ಹತ್ತನೆಯ ಕೂಸಿನ ಹೊತ್ತಿಗೆ ಮೆಣಸಿನಕಾಯಿ ಘಾಟಿಗೆ ಎಲ್ಲ ಮಕ್ಕಳೂ ಕೆಮ್ಮುತ್ತಿದ್ದವು. ಮುಂದಿನ ವಾರ ಮೂವತ್ತೊಂದರಲ್ಲಿ ನಾಲ್ಕೇ ಬಂದವು.

ಅಲ್ಲಿಯ ಟೀಚರ್ ದೊಡ್ಡಬಸಮ್ಮ ನಿಶಾತ್‌ಗೆ ಕರೆ ಮಾಡಿದಳು. "ಮೇಡಂ, ನಿಮ್ಮ ಫೋನಿನ ಕಣ್ಣು ಭಾಳ ಕೆಟ್ಟದೈತಂತ್ರಿ. ಕೂಸಿನ್ನ ಕರ್ಕಂಡು ಒಬ್ರೂ ಬರವಲ್ರು."

ಖಾತೂನ್‌ಬಿ ಮಗಳನ್ನು ತರಾಟೆಗೆ ತೆಗೆದುಕೊಂಡಳು. "ಐದು ವರ್ಷದ ತನಕ ನಿನಗ ಚೆಲುವಿ ಅನ್ನದ ಕಪ್ಪಿ ಅಂತ ಕರ್ದೀನಿ. ನಜರ್ ಆಗಬಾರ್ದಂತ. ಇಷ್ಟು ಓದಿ ಅಷ್ಟೂ ತಿಳೀಲಿಲ್ಲೇನ?" ನಿಶಾತ್‌ಗೆ ತಿಳಿಯದ್ದೇನಲ್ಲ. ಸಂಸ್ಥೆಯಿಂದ ಬಂದ ವಾಕ್ಯವನ್ನು ಇದ್ದ ಹಾಗೆ ಕನ್ನಡಕ್ಕೆ ತಿರುಗಿಸಿ ಕೈತೊಳೆದುಕೊಂಡಿದ್ದಳು.

ಇದನ್ನು ಐದು ದೇಶಗಳ ಹದಿನಾಲ್ಕು ಮಂದಿಗೆ ವಿಡಿಯೋದಲ್ಲಿ ವಿವರಿಸಬೇಕಾಯಿತು. ನಾನು ಪಕ್ಕದಲ್ಲೇ ಇದ್ದೆ. ಈ ಕಣ್ಣನ್ನು ಯಾರಾದರೂ ಅಳತೆ ಮಾಡಿದ್ದಾರೆಯೇ ಎಂದು ಒಬ್ಬರು ಕೇಳಿದರು. ಮೆಣಸಿನಕಾಯಿಯನ್ನು ಕಾರ್ಯಕ್ರಮದ ವತಿಯಿಂದಲೇ ಒದಗಿಸಿದರೆ ಹೇಗೆ ಎಂದರು ಇನ್ನೊಬ್ಬರು. ಎರಡು ತಾಸು ತಿಕ್ಕಾಡಿ ಒಂದು ತೀರ್ಮಾನಕ್ಕೆ ಬಂದರು. ಸ್ಥಳೀಯ ಸಂಪ್ರದಾಯವನ್ನು ಗೌರವಿಸಿ, ಗಟ್ಟಿಮುಟ್ಟಾದ ಮಕ್ಕಳಿಗೆ ಫೋನು ಇನ್ನು ಮುಂದೆ ಬೈಯಬೇಕು. ಅದಕ್ಕಾಗಿ ಗೌರವಪೂರ್ವಕ ನಿಂದನಾ ಉಪಸಮಿತಿ ಎಂಬುದನ್ನು ರಚಿಸಿದರು. ನಾನು ಭಾಷಾತಜ್ಞನಾದೆ.

ಬೈಯಬಾರದೆಂದು ಮಕ್ಕಳಿಗೆ ಕಲಿಸುತ್ತಲೇ ಆಯುಷ್ಯ ಕಳೆದ ನಾನು, ಒಂದೇ ವಾರದಲ್ಲಿ ನಲವತ್ತು ಬೈಗುಳ ಬರೆದುಕೊಟ್ಟೆ. ಉಪಸಮಿತಿ ಅವುಗಳನ್ನು ಜರಡಿ ಹಿಡಿಯಿತು. 'ಇಲಿಮರಿ' ಹೋಯಿತು, ಮಗುವನ್ನು ಪ್ರಾಣಿಗೆ ಹೋಲಿಸಬಾರದಂತೆ. 'ಕಸಬರಿಗಿ ಕಡ್ಡಿ'ಯೂ ಹೋಯಿತು, ಅದರಲ್ಲಿ ಹೆಣ್ಣುಮಕ್ಕಳ ಸಂಬಳವಿಲ್ಲದ ದುಡಿಮೆ ಕಾಣುತ್ತದಂತೆ. ನನಗೆ ಸಿಟ್ಟು ನೆತ್ತಿಗೇರಿತು. ಬೈಗುಳ ಎಂದರೆ ಬೈಗುಳದ ಹಾಗಿರಬೇಡವೇ? ಕಡೆಗೆ ಹನ್ನೊಂದು ಉಳಿದವು. ನಿಶಾತ್ ತನ್ನದೇ ದನಿಯಲ್ಲಿ ಓದಿದಳು. "ಇನ್ನಷ್ಟು ಅಕ್ಕರೆಯಿಂದ ಬೈ" ಎಂದು ನಾನು ತಿದ್ದುತ್ತಿದ್ದೆ. ನಿಜವಾಗಿ ಸೊರಗಿದ ಕೂಸುಗಳಿಗೆ ಮಾತ್ರ ಹಳೆಯ ವಾಕ್ಯವನ್ನೇ ಬಿಟ್ಟೆವು: "ಕೂಸು ಬಹಳ ಸೊರಗಿದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ."

ಮುಂದಿನ ವಾರ ಸಿರಿಗೇರಿಯಲ್ಲಿ ಮೂವತ್ತೊಂದೂ ಕೂಸುಗಳು ಹಾಜರ್. "ಏನವ್ವ, ಕೂಸಿಗೆ ಉಣ್ಣಾಕ ಇಕ್ಕೀಯೋ ಇಲ್ಲೋ? ಕಡ್ಡಿ ಆಗೇತಿ!" ಎಂದು ಫೋನು ಗದರಿದರೆ ತಾಯಂದಿರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ನಮ್ಮ ಕೂಸಿಗೆ ಇನ್ನೊಂದ್ಸಲ ಬೈಸ್ರಿ ಟೀಚರ್, ಅವರ ಕೂಸಿಗೆ ಜಾಸ್ತಿ ಬೈತು" ಎಂದು ಜಗಳವೂ ಆಯಿತು. ಕುರುಗೋಡಿನಲ್ಲಿ ಹೆಸರು ಹಚ್ಚದ ಮಕ್ಕಳನ್ನೂ ಬೈಸಿಕೊಳ್ಳಲು ತಂದರು. ನೂರಕ್ಕೆ ನೂರು ಹಾಜರಿ ಕಂಡು ಸಂಸ್ಥೆಯವರು ನಿಶಾತ್‌ಗೆ ಪ್ರಶಂಸಾಪತ್ರ ಕಳಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ, ಇರಲಿ.

ಒಂದು ಬೆಳಿಗ್ಗೆ ನಿಶಾತ್ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಮನೆಗೆ ಓಡಿಬಂದಳು. ಸಿರಿಗೇರಿಯ ಹುಲುಗಮ್ಮನ ಮಗಳು ಮೇಘಾ, ಎರಡು ವರ್ಷದ ಕೂಸು. ಮೂರು ವಾರಗಳ ತೂಕ ಎಂಟೂಕಾಲು, ಏಳೂಮುಕ್ಕಾಲು, ಏಳೂಕಾಲು ಕಿಲೋ. ಮೂರು ವಾರವೂ ಫೋನು ಆಸ್ಪತ್ರೆಗೆ ಹೋಗಿ ಎಂದು ಹೇಳಿದೆ. ತಾಯಿ ಹೋಗಿಲ್ಲ.

ನಿಶಾತ್ ದೊಡ್ಡಬಸಮ್ಮನಿಗೆ ಕರೆ ಮಾಡಿದಳು. "ಎಲ್ಲಾರ್ಕಿಂತ ಆ ಕೂಸಿಗೇ ಚಂದ ಬೈತೈತ್ರಿ ಮೇಡಂ" ಎಂದಳು ಆಕೆ. "ಹುಲುಗಮ್ಮಗ ಭಾಳ ಖುಷಿ. ವಾಂತಿ ಭೇದಿ ಇತ್ತಂತ, ಆದ್ರ ಫೋನು ಇಷ್ಟು ಬೈತೈತಿ ಅಂದ್ರ ಏನೂ ಆಗಂಗಿಲ್ಲ ಅಂತಾಳ."

ನನ್ನ ಹನ್ನೊಂದು ಬೈಗುಳಗಳ ನಡುವೆ ಆ ಒಂದು ನಿಜದ ಮಾತನ್ನು ಹನ್ನೆರಡನೆಯ ಬೈಗುಳವಾಗಿ ಮಾಡಿಟ್ಟಿದ್ದೆ. ವಾಕ್ಯ ಬದಲಿಸಲು ನಿಶಾತ್ ಸಂಸ್ಥೆಗೆ ಅರ್ಜೆಂಟಾಗಿ ಬರೆದಳು. ಉಪಸಮಿತಿ ಗುರುವಾರ ಸೇರುತ್ತದೆ ಎಂದು ಉತ್ತರ ಬಂತು. "ಗುರುವಾರದ ತನಕ ಕೂಸು ಕಾಯಬೇಕಲ್ಲ ಸರ್! ನಡೀರಿ" ಎಂದಳು. ಕುರುಗೋಡಿನ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಿರಿಗೇರಿಗೆ ಹೋದೆವು.

ಹುಲುಗಮ್ಮ ಬಾಗಿಲಲ್ಲೇ ಕೂತಿದ್ದಳು. ಮಡಿಲಲ್ಲಿದ್ದ ಕೂಸಿಗೆ ನೊಣ ಓಡಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ.

"ಹುಲುಗಮ್ಮ, ಕೂಸು ಭಾಳ ಸೊರಗೇತಿ" ಎಂದಳು ನಿಶಾತ್.

ಹುಲುಗಮ್ಮನ ಮುಖ ಅರಳಿತು. "ಬಳ್ಳಾರಿಯಿಂದ ಬೈಯಾಕ ಬಂದೀರೇನ್ರಿ ಮೇಡಂ! ಒಳಗ ಬರ್ರಿ, ಚಾ ಮಾಡ್ತೀನಿ."

"ಚಾ ಬ್ಯಾಡವ್ವ. ಖರೇನ ಹೇಳಾಕತ್ತೀನಿ, ಕೂಸು ಉಳಿಯಂಗಿಲ್ಲ!"

"ಹಂಗ ಅನ್ರಿ, ನಿಮ್ಮ ಬಾಯಾಗ ಚಲೋ ಬರ್ತೈತಿ." ಅವಳು ನನ್ನ ಕಡೆ ತಿರುಗಿದಳು. "ನೀವೂ ಒಂದೆರಡು ಮಾತು ಅನ್ರಿ ಹಿರಿಯರು."

ಬಾಯಿ ತೆರೆದೆ. ಏನು ಹೇಳಲಿ? ಇರುವ ಕನ್ನಡವನ್ನೆಲ್ಲ ಬೈಯುವುದಕ್ಕೆ ಖರ್ಚು ಮಾಡಿಬಿಟ್ಟಿದ್ದೆ. ನಿಶಾತ್ ಕೂಸನ್ನು ಎತ್ತಿಕೊಂಡಳು. ಅದರ ತಲೆ ಅವಳ ಭುಜದ ಮೇಲೆ ವಾಲಿತು. ಅದು ಎಷ್ಟು ಹಗುರವಾಗಿತ್ತೆಂದರೆ, ಲೆಕ್ಕದಲ್ಲಿ ನೋಡಿದ್ದು ತೋಳಿಗೆ ಬಂದಾಗ ಅವಳು ಅಲ್ಲೇ ಕುಸಿದು ಕೂತು ಗಳಗಳ ಅಳತೊಡಗಿದಳು.

ಹುಲುಗಮ್ಮನ ನಗು ನಿಂತಿತು. "ಯಾಕ್ರಿ ಮೇಡಂ, ಯಾಕ್ ಅಳ್ತೀರಿ? ಸುಮ್ನ ಬೈಯೋರು ಅಳಂಗಿಲ್ಲಲ್ರಿ." ಕೂಸಿನ ಮುಖ ನೋಡಿದಳು, ಮತ್ತೆ ನಿಶಾತ್‌ಳ ಮುಖ ನೋಡಿದಳು. ಚಪ್ಪಲಿ ಹಾಕಿಕೊಳ್ಳದೆ ರಸ್ತೆಗೆ ಓಡಿ ಆಟೋ ನಿಲ್ಲಿಸಿದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ವಾರ ಕಳೆದವು. ಮೊದಲ ನಾಲ್ಕು ದಿನ ಕೂಸು ಉಳಿಯುತ್ತದೆಂದು ಡಾಕ್ಟರು ಭರವಸೆ ಕೊಡಲಿಲ್ಲ. ಸಂಸ್ಥೆಯವರು ಮಾತ್ರ ನಿಶಾತ್‌ಗೆ ಬರೆದು ಕೇಳಿದರು: ಮಾಹಿತಿ ತಾಯಿಗೆ ಕಡೆಗೆ ತಲುಪಿದ್ದು ಹೇಗೆ, ಅಕ್ಷರದಿಂದಲೋ, ದನಿಯಿಂದಲೋ, ಚಿತ್ರದಿಂದಲೋ? ಅವಳು ದಿನಾ ಮಧ್ಯಾಹ್ನ ವಾರ್ಡಿಗೆ ಹೋಗಿ ಮೇಘಾಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು.

ಹದಿನಾಲ್ಕನೆಯ ದಿನ ನಾನೂ ಜೊತೆಗೆ ಹೋದೆ. ನರ್ಸು ಕೂಸನ್ನು ತೂಗಿ ಎಂಟು ಕಿಲೋ ಎಂದಳು. ಮೇಘಾ ತಕ್ಕಡಿಯಲ್ಲಿ ಕೂತೇ ನರ್ಸಿನ ಪೆನ್ನಿಗೆ ಕೈಹಾಕಿ ಎಳೆದಳು. ಹುಲುಗಮ್ಮ ನಿಶಾತ್‌ಳ ಕೈ ಹಿಡಿದುಕೊಂಡಳು.

"ಮೇಡಂ, ಬೈಬ್ಯಾಡ್ರಿ. ಒಂದ್ಸಲ ನಿಮ್ಮ ಬಾಯಿಂದ ಖರೆ ಹೇಳ್ರಿ. ನನ್ನ ಕೂಸು ಚಲೋ ಆಗೇತಿಲ್ರಿ?"

ನಿಶಾತ್ ಮೇಘಾಳ ತುಂಬಿಕೊಳ್ಳುತ್ತಿದ್ದ ಕೆನ್ನೆ ನೋಡಿದಳು. ಹೌದು ಎನ್ನಲು ಬಾಯಿ ತೆರೆದಳು. ಸುತ್ತ ಅಷ್ಟೊಂದು ಮಂದಿ ನಿಂತಿದ್ದರು. ಅವಳ ಮುಖದಲ್ಲಿ ಭಯ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

"ಎಲ್ಲಿ ಚಲೋ ಆಗೇತಿ?" ಎಂದಳು, ಕೂಸಿನ ಮುಖವನ್ನು ದುಪಟ್ಟಾದಲ್ಲಿ ಮುಚ್ಚುತ್ತ. "ಕಪ್ಪಿ ಆಗೇತಿ, ಕಪ್ಪಿ."