ಬಣ್ಣದಡಿಯ ಬಿರುಕು ಹಿಡಿಯುವ ವರ್ಲೀನ್

ಅಮೆರಿಕದ ಟಲ್ಸಾ ಊರಿನ ವಿಮಾನ ದುರಸ್ತಿ ಹ್ಯಾಂಗರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ವರ್ಲೀನ್ ಸ್ಟಿಡಮ್ ಅಟ್ಟಣಿಗೆಯ ಮೇಲೆ ಮಂಡಿಯೂರಿ, ಹಳೆಯ ವಿಮಾನದ ಪಕ್ಕೆಗೆ ಕೆನ್ನೆ ತಾಗುವಷ್ಟು ಬಗ್ಗಿದ್ದಾರೆ. ಟಾರ್ಚನ್ನು ನೇರವಾಗಿ ಬಿಡುವುದಿಲ್ಲ, ತಗಡಿನ ಮೇಲೆ ಮಲಗಿಸಿ ಬಿಡುತ್ತಾರೆ. ಹಾಗೆ ಬಿಟ್ಟರೆ ಕೂದಲೆಳೆಯಷ್ಟು ಗೀರಿಗೂ ನೆರಳು ಬೀಳುತ್ತದೆ.

ಹೋದ ವಾರ ಅವರು ಬಿರುಕು ಎಂದ ಕಡೆ ಕೆರೆದು ನೋಡಿದರೆ ಸೀಳಿದ್ದು ಬರೀ ಬಣ್ಣ, ತಗಡಲ್ಲ. ವಿಮಾನ ಒಂದು ದಿನ ಸುಮ್ಮನೆ ನಿಂತಿತು. ಇನ್ನೊಮ್ಮೆ ಹೀಗಾದರೆ ಕಣ್ಣಿಗೆ ವಯಸ್ಸಾಯಿತೆಂದು ಸ್ಪ್ಯಾನರು ಎಣಿಸಿ ಕೊಡುವ ಉಪಕರಣದ ಕೋಣೆಯಲ್ಲಿ ಕೂರಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದಾರೆ.

"ಮಿಸ್ ವರ್ಲೀನ್, ಇವತ್ತು ಸಿಗೋದು ಬಿರುಕೋ, ನಿಮ್ಮ ಕನ್ನಡಕದ ಮೇಲಿನ ಕೂದ್ಲೋ?" ಕೆಳಗಿನಿಂದ ಮೇಸ್ತ್ರಿ ಕರ್ಟಿಸ್ ಬೊಹಾನನ್ ಕಿಚಾಯಿಸುತ್ತಾರೆ.

"ನಿನ್ನ ತಲೇಲಿ ಒಂದೂ ಉಳಿದಿಲ್ಲ ಅಂತ ಹೊಟ್ಟೆಕಿಚ್ಚು ಪಡ್ಬೇಡ ಮರಿ!"

ಅರವತ್ತು ದಾಟಿದ ವರ್ಲೀನ್ ಮೊದಲು ಕೋಳಿ ಕಾರ್ಖಾನೆಯಲ್ಲಿದ್ದವರು. ಗಂಡ ತೀರಿದ ಮೇಲೆ ಸಂಜೆ ಶಾಲೆಯಲ್ಲಿ ಈ ವಿದ್ಯೆ ಕಲಿತರು. ಆಗ ಪ್ರಯಾಣಿಕರು ವಿಮಾನದೊಳಗೇ ಸಿಗರೇಟು ಸೇದುತ್ತಿದ್ದರು. ಬಿರುಕಿದ್ದ ಕಡೆ ಹೊಗೆ ಸೋರಿ ಹೊರಮೈಗೆ ಕಂದು ಕಲೆ ಕಟ್ಟುತ್ತಿತ್ತು. "ಆಗ ಕಳ್ಳನೇ ಬಂದು ಬಾಗ್ಲು ತಟ್ತಿದ್ದ. ಈಗ ಜನ ಸೇದೋದು ಬಿಟ್ಟು ಒಳ್ಳೇವ್ರಾದ್ರು, ನಮ್ಗೆ ಕೆಲ್ಸ ಜಾಸ್ತಿ ಆಯ್ತು" ಎಂದು ನಗುತ್ತಾರೆ. ಈಗ ಒಂದು ಪಾಳಿಗೆ ತಗಡು ಬಿಗಿಯುವ ಸಾವಿರಕ್ಕೂ ಹೆಚ್ಚು ರಿವೆಟ್ಟು ಮೊಳೆಗಳ ಸುತ್ತ, ಕರೆಂಟು ಹಾಯುವ ಸಣ್ಣ ಕಡ್ಡಿ ಆಡಿಸಿ ನೋಡಬೇಕು; ಅಡಿಯಲ್ಲಿ ಬಿರುಕಿದ್ದರೆ ಕಡ್ಡಿಗೆ ಜೋಡಿಸಿದ ಪರದೆಯಲ್ಲಿ ಗೆರೆ ಜಿಗಿಯುತ್ತದೆ.

ಎರಡು ತಗಡು ಕೂಡುವ ಅಂಚಿನಲ್ಲಿ ಕಡ್ಡಿ ಸರಿಯುತ್ತದೆ. ಇದ್ದಕ್ಕಿದ್ದಂತೆ ಪಕ್ಕದ ಪರದೆಯ ಹಸಿರು ಗೆರೆ ಛಂಗನೆ ಜಿಗಿಯುತ್ತದೆ. ಮತ್ತೆ ಎಳೆದರೆ ಮತ್ತೆ ಜಿಗಿತ! ವರ್ಲೀನ್ ಕೆಂಪು ಮೇಣದ ಬಳಪದಿಂದ ಅಲ್ಲಿ ಸುತ್ತು ಹಾಕುತ್ತಾರೆ. ಇಲ್ಲಿ ಯಾರೂ ಸೀಸದ ಪೆನ್ಸಿಲ್ ಮುಟ್ಟುವುದಿಲ್ಲ, ಅದರ ಗೆರೆಯೇ ತುಕ್ಕಿನಂತೆ ತಗಡನ್ನು ತಿನ್ನುತ್ತದೆ.

"ಕರ್ಟಿಸ್, ಬಣ್ಣ ತೆಗೆಸು."

ಕರ್ಟಿಸ್ ನಗು ನಿಲ್ಲಿಸಿ ಮೇಲೆ ಹತ್ತಿ ಬರುತ್ತಾರೆ. "ಮಧ್ಯಾಹ್ನ ಇದು ಹೊರಡ್ಬೇಕು. ಗ್ಯಾರಂಟಿನಾ? ಸುಳ್ಳಾದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಗೊತ್ತು. ತೆಗೆಸು."

ದ್ರಾವಣ ಸವರಿದೊಡನೆ ಬಣ್ಣ ಕರಗಿ ಇಳಿಯುತ್ತದೆ. ಅಡಿಯಲ್ಲಿ ಗೆರೆ ಎಳೆದಂತೆ ನೇರವಾದ ಗೀರು. ಹಿಂದೆ ಯಾರೋ ತಗಡುಗಳ ಸಂದಿಗೆ ಬಳಿದಿದ್ದ ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯುವ ಬದಲು ಉಕ್ಕಿನ ಬ್ಲೇಡಿನಿಂದ ಕೆರೆದಿದ್ದಾರೆ. ಹಾರಿದಾಗೆಲ್ಲ ಒಳಗಿನ ಗಾಳಿ ಒತ್ತಿ ಒತ್ತಿ ಗೀರು ಬಾಯಿ ಬಿಟ್ಟಿದೆ. ಕರ್ಟಿಸ್ ಭೂತಗನ್ನಡಿ ಹಿಡಿದು ಗೀರಿನುದ್ದಕ್ಕೂ ನೋಡಿ ಕೆಳಗಿನವರಿಗೆ ಕೂಗುತ್ತಾರೆ.

"ಸಿಕ್ತು! ಬಿರುಕೇ ಕಣ್ರೋ, ಬಿರುಕೇ!"

ಕೆಳಗಿದ್ದವರು ಸ್ಪ್ಯಾನರುಗಳಿಂದ ಕಬ್ಬಿಣದ ಏಣಿಗಳನ್ನು ಬಡಿದು ಹ್ಯಾಂಗರು ಹಾರಿಹೋಗುವಂತೆ ಗದ್ದಲ ಎಬ್ಬಿಸುತ್ತಾರೆ. ವಿಮಾನ ಇಂದು ಹೊರಡುವುದಿಲ್ಲ.

"ಉಪಕರಣದ ಕೋಣೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಈಗ್ಲೇ ಹೋಗಿ ಹೇಳ್ತೀನಿ" ಎಂದು ಕರ್ಟಿಸ್ ಇಳಿಯಲು ಹೊರಡುತ್ತಾರೆ.

ವರ್ಲೀನ್ ಆಗಲೇ ಮುಂದಿನ ರಿವೆಟ್ಟಿಗೆ ಸರಿದಿದ್ದಾರೆ. "ಆಮೇಲೆ ಹೇಳುವಿಯಂತೆ. ಬ್ಲೇಡು ಹಿಡ್ದೋನು ಇಷ್ಟಕ್ಕೇ ಬಿಟ್ಟಿರಲ್ಲ. ಬಾಲದ ತನಕ ಈ ಅಂಚನ್ನ ನಂಗೇ ಬಿಡು, ಅಷ್ಟು ಸಾಕು."