ಮೇಜರ್ ಹತ್ತಿದ ಕಾರು

ಗ್ರೀನ್‌ಫರ್ಡ್‌ನ ಸಾಲುಮನೆಯಲ್ಲಿ ನಾವಿದ್ದ ಆ ಕಾಲದಲ್ಲಿ ನಮ್ಮ ಮನೆಯ ಬೀಗದ ಕೈ ಪಕ್ಕದ ಮನೆಯ ಗೋಡೆಯಲ್ಲೂ ಪಕ್ಕದ ಮನೆಯದು ನಮ್ಮ ಗೋಡೆಯಲ್ಲೂ ನೇತಾಡುತ್ತಿತ್ತು. ಅಪ್ಪನಿಗೆ ಟೂಟಿಂಗಿನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸ. ಅಮ್ಮ ಹತ್ತಿರದ ಕಾರ್ಖಾನೆಯಲ್ಲಿ ಸ್ಯಾಂಡ್‌ವಿಚ್ ಪ್ಯಾಕ್ ಮಾಡುತ್ತಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ನಾನು ಪಕ್ಕದ ಮನೆಯ ಜೀನ್ ಅಜ್ಜಿಯ ಅಡುಗೆಮನೆಯಲ್ಲಿ ಕೂರಬೇಕಿತ್ತು. ಬಾಲ್ಯ ಎಂದರೆ ಕೆಲವರಿಗೆ ಹೂವಿನ ಪರಿಮಳ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒದ್ದೆ ನಾಯಿಯ ನಾತ.

ಅಜ್ಜಿಗೆ ಎರಡು ನಾಯಿಗಳು. ಮೇಜರ್ ಎಂಬುದು ಮುದಿ ಲ್ಯಾಬ್ರಡಾರ್, ಕಪ್ಪು, ದಢೂತಿ, ಹಿಂಗಾಲುಗಳಲ್ಲಿ ಶಕ್ತಿಯಿಲ್ಲ. ಅದರ ಕಿವಿಗಳಿಂದ ಮಿತಿಮೀರಿ ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ ಬರುತ್ತಿತ್ತು. ಇನ್ನೊಂದು ಡಾಲಿ, ಬಿಳಿಯ ಪುಟ್ಟ ಟೆರಿಯರ್. ಕಣ್ಣಿನ ಕೆಳಗೆ ಸದಾ ಕಂದು ಪಿಸುರು. ಒಲೆಯ ಮೇಲೆ ಅವುಗಳಿಗೆಂದು ದನದ ಬೋಟಿ ಕುದಿಯುತ್ತಿರುತ್ತಿತ್ತು. ಈರುಳ್ಳಿ ಕೂಡ ಕೆಲವು ದಿನ ಮುಟ್ಟದ ಮನೆಯಿಂದ ಬಂದ ನಾನು ಉಸಿರು ಬಿಗಿಹಿಡಿದು ಟೋಸ್ಟ್ ತಿನ್ನುತ್ತಿದ್ದೆ. ಬೆಣ್ಣೆಯಲ್ಲಿ ಅಂಟಿದ ನಾಯಿಕೂದಲನ್ನು ಅಜ್ಜಿ ಉಗುರಿನಿಂದ ಎತ್ತಿ ತನ್ನ ಏಪ್ರನ್ನಿಗೆ ಒರೆಸಿ, ಈಗ ಸರಿಹೋಯಿತು ಎಂದು ತಟ್ಟೆಯನ್ನು ನನ್ನತ್ತ ಸರಿಸುತ್ತಿದ್ದಳು. ಚಳಿ ಶುರುವಾಗುವ ಮೊದಲು ಪಾರ್ಕಿನಲ್ಲಿ ಉದುರುವ ಕಾಂಕರ್ ಬೀಜಗಳನ್ನು ದಾರಕ್ಕೆ ಪೋಣಿಸಿ, ಒಂದಕ್ಕೊಂದು ಬಡಿದು ಒಡೆಯುವ ಆಟವನ್ನು ಅವಳೇ ನನಗೆ ಕಲಿಸಿದ್ದು. ಆ ಬೀಜಗಳಿಗೂ ಡಾಲಿಯ ಜೊಲ್ಲು ಹತ್ತಿರುತ್ತಿತ್ತು. ನಾನು ತೊಳೆದು ತೊಳೆದು ಆಡುತ್ತಿದ್ದೆ.

ಅಮ್ಮನಿಗೆ ಹೇಸಿಗೆ ನನಗಿಂತ ಹೆಚ್ಚು. ಉಡುಪಿಯ ಕಡೆಯವಳು, ನಾಯಿಯ ಬಾಲ ಸೀರೆಗೆ ತಾಗಿದರೆ ಸೀರೆ ಒಗೆಯಲು ಬೀಳುತ್ತಿತ್ತು. ಅಜ್ಜಿಯೊಂದಿಗೆ ಬೇಲಿಯ ಈಚೆ ನಿಂತೇ ಅವಳ ಮಾತು, ಕೊಡುಕೊಳ್ಳುವುದೆಲ್ಲ ಬೇಲಿಯ ಮೇಲಿಂದಲೇ.

ಆ ವರ್ಷ ಎಲೆ ಉದುರುವ ಹೊತ್ತಿಗೆ ಜೀನ್ ಅಜ್ಜಿ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಅವಳನ್ನು ನೇರ ಎಸೆಕ್ಸ್ ಸಮುದ್ರದ ಬಳಿಯ ಒಂದು ವೃದ್ಧಾಶ್ರಮಕ್ಕೆ ಸಾಗಿಸಿದರು. ಅಷ್ಟು ದಿನವೂ ಅಪ್ಪನೇ ಅವಳ ಮನೆಯ ಬೀಗ ತೆಗೆದು ನಾಯಿಗಳಿಗೆ ಊಟ ಹಾಕಿಬರುತ್ತಿದ್ದ. ಮನೆ ಖಾಲಿ ಮಾಡಿಸಲು ಕಾಲಿನ್ ಎಂಬ ಅವಳ ತಮ್ಮನ ಮಗ ಬಂದ. ಅಲ್ಲಿಯ ತನಕ ಅವನನ್ನು ನಾವು ನೋಡಿಯೇ ಇರಲಿಲ್ಲ. ಅಮ್ಮ ಅವನನ್ನು ಒಳಗೆ ಕರೆದು ಚಾ, ಗೋಳಿಬಜೆ ಕೊಟ್ಟಳು. ಅವನು ಚೆನ್ನಾಗಿ ತಿಂದ. ಎಣ್ಣೆಯ ಬೆರಳುಗಳನ್ನು ನಮ್ಮ ಸೋಫಾದ ದಿಂಬಿಗೆ ಒರೆಸುತ್ತ, ಎರಡೂ ಮುದಿ ನಾಯಿಗಳು, ಯಾರಿಗೂ ಬೇಡ, ನಾಳೆ ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡುತ್ತೇನೆ ಅಂದ. ಅತ್ತೆಗೆ ಹೇಳುವ ಅಗತ್ಯವೇನಿಲ್ಲವಂತೆ. ಅದೇ ಉಸಿರಿನಲ್ಲಿ ಇನ್ನಷ್ಟು ಚಟ್ನಿ ಇದೆಯೇ ಎಂದು ಕೇಳಿದ.

ಅಮ್ಮ ಚಟ್ನಿಯ ಪಾತ್ರೆಯನ್ನು ಎತ್ತಿ ಒಳಗಿಟ್ಟು ಬಂದು ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು: "ನಾಯಿ ಎರಡೂ ಇಲ್ಲೇ ಇರ್ಲಿ. ಅವನಿಗೆ ಹೇಳಿ."

ಕುಂದಾಪುರದ ಕಡೆಯವನಾದ ಅಪ್ಪ ಬೆರಗಾಗಿ ಅವಳ ಮುಖ ನೋಡಿದ. "ನಾಯಿ ಕಂಡ್ರೆ ನಿಂಗ್ ಆತ್ತಿಲ್ಲ ಅಲ್ದಾ ಮಾರಾಯ್ತಿ?"

"ಇವನನ್ನು ಕಂಡ್ರೆ ಅದಕ್ಕಿಂತ ಹೇಸಿಗೆ ಆಗ್ತದೆ."

ಕಾಲಿನ್ ಹೋದ ಮೇಲೆ ಅಮ್ಮ ಅವನ ತಟ್ಟೆಯನ್ನು ಎರಡು ಸಲ ತಿಕ್ಕಿದ್ದು ನನಗೆ ನೆನಪಿದೆ. ಸಂಜೆಗೆ ಮೇಜರ್ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ಹಜಾರದ ಕಾರ್ಪೆಟ್ಟಿನ ಮೇಲೆ ಮಲಗಿ ದೊಡ್ಡದಾಗಿ ಹೂಸಿತು. ಅಮ್ಮ ಕಿಟಕಿ ತೆರೆದು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಅಪ್ಪ ಫೋನ್ ಮಾಡಿದಾಗ ಅಜ್ಜಿ ತನ್ನ ಸೊಂಟದ ಸುದ್ದಿಯನ್ನೇ ಎತ್ತಲಿಲ್ಲ, ಮೇಜರ್ ಊಟ ಮಾಡಿದನೇ ಎಂದು ಮಾತ್ರ ಕೇಳಿದಳು. ನಾಯಿಗಳನ್ನು ಕರೆದುಕೊಂಡು ಬರುತ್ತೇವೆ ಎಂದು ಅಪ್ಪ ಮಾತು ಕೊಟ್ಟುಬಿಟ್ಟ. ಟ್ರೇನಿನ ಮೆಟ್ಟಿಲು ಹತ್ತಲು ಮೇಜರಿಗೆ ಆಗದು, ಅಲ್ಲಿಂದ ಮುಂದೆ ಬಸ್ಸೂ ಅಪರೂಪ. ಕಾರು ಬೇಕಾಯಿತು. ನಮ್ಮ ಬೀದಿಯಲ್ಲಿ ಸಿಗುವ ಗೇಣು ಜಾಗದಲ್ಲಿ ನಿಲ್ಲುವಷ್ಟು ಸಣ್ಣದು, ದಢೂತಿ ನಾಯಿ ಹಿಡಿಸುವಷ್ಟು ದೊಡ್ಡದು.

ಅಪ್ಪ ಕಾರು ನೋಡಲು ಹೋಗುವಾಗೆಲ್ಲ ಮೇಜರನ್ನೂ ಕರೆದೊಯ್ದ. ಮಾರುವವರು ಮುಖ ಕಿವುಚುತ್ತಿದ್ದರು. ಮೊದಲ ಕಾರಿನ ಸೀಟುಗಳಲ್ಲಿ ಹಳೆಯ ಸಿಗರೇಟಿನ ಕಮಟು. ಅದರ ಮೇಲೆ ಸುರಿದ ಸ್ಟ್ರಾಬೆರಿ ಸೆಂಟಿಗೆ ನಾನು ಮೂಗು ಮುಚ್ಚಿ ಕೆಳಗಿಳಿದೆ. ಇನ್ನೊಂದು ಕೆಂಪಗೆ ಮುದ್ದಾಗಿತ್ತು, ನನಗೆ ಅದೇ ಬೇಕಿತ್ತು. ಆದರೆ ಹಿಂಬಾಗಿಲಿನ ಅಂಚು ಅಪ್ಪನ ತೊಡೆಯ ಎತ್ತರಕ್ಕಿತ್ತು. ಮೇಜರ್ ಅದರ ಮುಂದೆ ಕೂತು, ಇದು ನನ್ನಿಂದಾಗದು ಎಂಬಂತೆ ಬೇರೆ ಕಡೆ ನೋಡಿತು.

ಕೊನೆಗೆ ಗೋದಾಮುಗಳ ಹಿಂದಿನ ಒಂದು ಯಾರ್ಡಿನಲ್ಲಿ ಸಿಕ್ಕಿದ್ದು ಬ್ರೆಡ್ಡಿನ ಡಬ್ಬಿಯಂತೆ ಚೌಕಾಕಾರದ, ಬೂದು ಬಣ್ಣದ, ಕುರೂಪಿ ಕಾರು. ಹಿಂಬಾಗಿಲು ಮೇಲಕ್ಕೆ ಅಗಲವಾಗಿ ತೆರೆಯುತ್ತಿತ್ತು, ಅಂಚು ಮೊಣಕಾಲಿಗಿಂತ ತಗ್ಗು, ಸೀಟು ಮಡಚಿದರೆ ನೆಲ ಸಮತಟ್ಟು. ಬಾಗಿಲು ತೆರೆದೊಡನೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿದಳು. ಹಿಂದಿನ ಮಾಲೀಕ ಸಂತೆಗೆ ಮೀನು ಸಾಗಿಸುತ್ತಿದ್ದನಂತೆ. ಇದರಲ್ಲಿ ಸತ್ತರೂ ಕೂರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಂತೆಯೇ ಮೇಜರ್ ಮುಂಗಾಲೆರಡನ್ನು ಅಂಚಿನ ಮೇಲಿಟ್ಟು, ಮೂಸಿ, ಯಾರೂ ಎತ್ತದೆ, ತಾನೇ ಹಿಂಗಾಲನ್ನೂ ಎಳೆದುಕೊಂಡು ಒಳಗೆ ಹೋಯಿತು. ಹೋಗಿ ನೆಲ ನೆಕ್ಕತೊಡಗಿತು.

ಅಪ್ಪ ಅಮ್ಮನತ್ತ ತಿರುಗಿ ಮೆಲ್ಲಗೆ ಅಂದ: "ಕಾರ್ ಅವ್ನೇ ಆರ್ಸಿ ಆಯ್ತಲೆ."

ಆ ವಾಸನೆ ಹೋಗಲಿ ಎಂದು ಅಮ್ಮ ಮಾಡದ ಉಪಾಯವಿಲ್ಲ. ಸೋಡಾಪುಡಿ ಉಜ್ಜಿದಳು, ವಿನೆಗರ್ ಸುರಿದಳು, ನಿಂಬೆಸಿಪ್ಪೆ ಇಟ್ಟಳು. ಕೊನೆಗೆ ಊದುಬತ್ತಿ ಹಚ್ಚಿದಳು. ದೇವರಕೋಣೆಯಲ್ಲಿ ಮೀನು ಕೊಳೆಯುತ್ತಿರುವಂಥ ಹೊಸದೊಂದು ನಾತ ಹುಟ್ಟಿತಷ್ಟೆ. ಅಪ್ಪ ಹೋಟೆಲಿನ ಅಡುಗೆಮನೆಯಲ್ಲಿ ಬಿಸಾಡಲಿಟ್ಟಿದ್ದ ದಪ್ಪ ರಬ್ಬರ್ ಹಾಸನ್ನು ತಂದು ಅಳತೆಗೆ ಕತ್ತರಿಸಿ ಹಾಸಿದ. ನಾಯಿ ಮುಂದಕ್ಕೆ ಹಾರಿಬರದಂತೆ ಮುಂದಿನ ಸೀಟಿನ ಹಿಂದೆ ತಂತಿಯ ಜಾಲರಿ ಬಿಗಿದ. ಇಳಿಯಲು ಒಂದು ಹಲಗೆ ಮಾಡಿ, ಉಗುರು ಜಾರದಿರಲೆಂದು ಅದಕ್ಕೆ ಹಳೆಯ ಕಾರ್ಪೆಟ್ ಹೊಡೆದ. ಹಿಂದಿನ ಸೀಟಿನ ಅರ್ಧ ಮಡಚಿ ಮೇಜರಿಗೆ, ಉಳಿದರ್ಧ ನನಗೆ ಮತ್ತು ಡಾಲಿಗೆ. ಡಾಲಿಯ ಎದೆಪಟ್ಟಿಯನ್ನು ಸೀಟ್‌ಬೆಲ್ಟಿಗೆ ಸಿಕ್ಕಿಸುವ ಕೊಂಡಿಯೂ ಬಂತು. ಹಳೆಯ ಟವೆಲುಗಳ ಒಂದು ಬುಟ್ಟಿಯನ್ನು ನನ್ನ ಕಾಲಬುಡದಲ್ಲಿಟ್ಟರು.

ಮೊದಲ ಭಾನುವಾರ ಹೊರಟೆವು. ಮಳೆ, ಕಿಟಕಿ ತೆರೆಯುವಂತಿಲ್ಲ. ನಾರ್ತ್ ಸರ್ಕ್ಯುಲರ್ ರಸ್ತೆಯುದ್ದಕ್ಕೂ ಮೇಜರಿನ ಬಿಸಿಯುಸಿರು ಪಕ್ಕದಿಂದ ನನ್ನ ಕತ್ತಿಗೆ ತಾಗುತ್ತಿತ್ತು. ಇಲ್ಫರ್ಡ್ ಹತ್ತಿರ ಗಾಡಿಗಳು ನಿಂತು ನಿಂತು ಸಾಗುವಾಗ ಡಾಲಿ ಒಮ್ಮೆ ಬಿಕ್ಕಿ, ನನ್ನ ಮಡಿಲಿಗೆ ವಾಂತಿ ಮಾಡಿತು. ಬೆಚ್ಚಗೆ, ಲೋಳೆಲೋಳೆಯಾಗಿ, ಅರೆಜೀರ್ಣವಾದ ಬೋಟಿ. ನಾನು ಇಂಗ್ಲಿಷಿನಲ್ಲಿ ಕಿರುಚಿ ಅತ್ತೆ.

ಅಪ್ಪ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಅಮ್ಮ ಇಳಿದು ಬಂದು ಟವೆಲಿನಿಂದ ಒರೆಸತೊಡಗಿದಳು. ಟವೆಲಿಗೆ ಬಾರದ್ದನ್ನು ಬರಿಗೈಯಲ್ಲಿ ಬಾಚಿದಳು. ನಡುವೆ ಪೊದೆಯ ಬಳಿ ಓಡಿ ತಾನೂ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ ಮತ್ತೆ ಬಂದು ಬಾಚಿದಳು. "ಛೀ, ಕರ್ಮ" ಎಂದು ಗೊಣಗುತ್ತಲೇ ಇದ್ದಳು. ಎಲ್ಲ ಮುಗಿದ ಮೇಲೆ ನಡುಗುತ್ತಿದ್ದ ಡಾಲಿಯ ಮೂತಿಯನ್ನು ತನ್ನ ಸೆರಗಿನಿಂದ ಒರೆಸಿದಳು. ನಾನು ಅಳು ನಿಲ್ಲಿಸಿ ಅದನ್ನೇ ನೋಡಿದೆ.

ವೃದ್ಧಾಶ್ರಮದಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ ಎಂದರು. ಫೋನಿನಲ್ಲಿ ಒಪ್ಪಿದ್ದು ಅವರಿಗೆ ನೆನಪಿರಲಿಲ್ಲ. ಅಪ್ಪ ವಾದ ಮಾಡದೆ ಅಜ್ಜಿಯನ್ನೇ ಗಾಲಿಕುರ್ಚಿಯಲ್ಲಿ ಹೊರಗೆ ತಂದ. ಅವಳು ಅರ್ಧದಷ್ಟಾಗಿದ್ದಳು. ಸ್ವೆಟರಿನ ಎದೆಯ ಮೇಲೆ ಎಂದೋ ಒಣಗಿದ ಮೊಟ್ಟೆ, ಉಗುರಿನಲ್ಲಿ ಕೊಳೆ, ಮೈಯಿಂದ ಉಚ್ಚೆಯ ವಾಸನೆ. ನಾಯಿಯ ನಾತಕ್ಕೆ ಅಂಜಿ ಬಾಗಿಲು ಹಾಕಿದವರು ಈ ನಾತವನ್ನು ದಿನವೂ ದಾಟಿಕೊಂಡು ಓಡಾಡುತ್ತಿದ್ದರು. ಒಂಬತ್ತು ವರ್ಷದ ನನಗೆ ಮಡಿಲಿನ ವಾಂತಿಗಿಂತ ಅದು ಹೇಸಿಗೆ ತರಿಸಿತು.

ಅಪ್ಪ ಹಿಂಬಾಗಿಲು ಎತ್ತಿ, ಅಜ್ಜಿಯನ್ನು ಮಗುವಿನಂತೆ ಎತ್ತಿ ಆ ತಗ್ಗಿನ ಅಂಚಿನ ಮೇಲೆ ಕೂರಿಸಿದ. ಮೇಲೆತ್ತಿದ ಬಾಗಿಲು ಮಳೆಗೆ ಸೂರಾಯಿತು. ಮೇಜರ್ ತಲೆಯನ್ನು ಅವಳ ಮಡಿಲಿಗಿಟ್ಟು ಜೊಲ್ಲು ಸುರಿಸಿತು. ಡಾಲಿ ಅವಳ ಕಿವಿ ನೆಕ್ಕಿತು. ಅಜ್ಜಿ ಮೇಜರಿನ ಕತ್ತಿನಲ್ಲಿ ಮೂಗು ಹುದುಗಿಸಿ, "ಮೀನು ತಿಂದು ಬಂದಿದ್ದೀಯ, ಕಳ್ಳ" ಅಂದಳು. ಅಮ್ಮ ಬುಟ್ಟಿಯಲ್ಲಿ ಉಳಿದಿದ್ದ ಟವೆಲನ್ನು ಫ್ಲಾಸ್ಕಿನ ಬಿಸಿನೀರಿನಲ್ಲಿ ಅದ್ದಿ ಅಜ್ಜಿಯ ಎದೆ, ಕೈ, ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಬೇಲಿಯಿಲ್ಲದೆ ಅವರಿಬ್ಬರನ್ನು ಜೊತೆಗೆ ನೋಡಿದ್ದು ನಾನು ಅಂದೇ ಮೊದಲು.

ಚಳಿಗಾಲವಿಡೀ ಭಾನುವಾರ ತಪ್ಪಿಸದೆ ಹೋದೆವು. ವಸಂತದ ಡ್ಯಾಫಡಿಲ್ ಹೂವು ಬರುವ ಮುಂಚೆ ಅಜ್ಜಿ ತೀರಿಕೊಂಡಳು. ಅಂತ್ಯಕ್ರಿಯೆಯ ದಿನ ಕಾಲಿನ್ ಮೂಗು ಹಿಡಿದುಕೊಂಡು, ಆ ಕಾರನ್ನು ಗೇಟಿನಿಂದ ದೂರ ನಿಲ್ಲಿಸಿ ಎಂದು ಅಪ್ಪನಿಗೆ ಹೇಳಿದ. ನಾಯಿಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೇಸಿಗೆಯಲ್ಲಿ ಮೇಜರ್ ಹೋಯಿತು, ಕೆಲವು ವರ್ಷಗಳ ನಂತರ ಡಾಲಿ. ಕಾರನ್ನು ಗುಜರಿಯವನು ಕೊಂಡೊಯ್ದ.

ಈಗ ನಾನು ಇಲ್ಫರ್ಡಿನ ಒಂದು ಹೊಸ ಕಟ್ಟಡದ ಫ್ಲಾಟಿನಲ್ಲಿದ್ದೇನೆ. ಲಿಫ್ಟಿನಲ್ಲೂ ಸುಗಂಧ ಸಿಂಪಡಿಸುತ್ತಾರೆ. ಯಾರ ಮನೆಯ ಬೀಗದ ಕೈ ಯಾರ ಬಳಿಯೂ ಇಲ್ಲ. ಕಳೆದ ವಾರ ಕಟ್ಟಡದ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದರು: ನಮ್ಮ ಮಹಡಿಯ ತುದಿಯ ಮನೆಯಲ್ಲಿ ಒಬ್ಬನೇ ಇರುವ ಮುದುಕ ಮತ್ತು ಅವನ ನಾಯಿ ನಾರುತ್ತಾರೆ, ಕೌನ್ಸಿಲ್‌ಗೆ ತಿಳಿಸೋಣ. ಅದರ ಕೆಳಗೆ ಒಪ್ಪಿಗೆಯ ಹೆಬ್ಬೆರಳುಗಳ ಸಾಲು. ಓದುತ್ತ ಓದುತ್ತ ನನಗೆ ನಿಜಕ್ಕೂ ಓಕರಿಕೆ ಬಂತು. ಆಮೇಲೆ ಯಾರೋ ಆ ಮುದುಕನ ಹೆಸರೇನು ಎಂದು ಕೇಳಿದರು. ಇಡೀ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.