ಮೂರನೇ ಕಾಯಿಲ್ ಕೂತಿರಲಿಲ್ಲ

ನನಗೆ ಬರುವ ವಿದ್ಯೆ ಎರಡು. ಒಂದು ಕಾರು ರಿಪೇರಿ, ಅದು ಅರ್ಧ ಬರುತ್ತದೆ. ಇನ್ನೊಂದು ಬೇರೆಯವರ ಹಾಗೆ ಮಾತಾಡುವುದು, ಅದು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಚಿಲ್ಲರೆಗೆ ಗೋಗರೆಯುವುದು, ಹೊಸದುರ್ಗದ ಬೀಗರು ಊಟ ಬೇಡವೆನ್ನುತ್ತಲೇ ಎಲೆಯ ಮುಂದೆ ಕೂರುವುದು, ಹಳೆ ಜೀಪು ಚಳಿಗೆ ಕೆಮ್ಮುತ್ತ ಏಳುವುದು, ಎಲ್ಲ ನನ್ನ ಗಂಟಲಲ್ಲಿವೆ. ನನ್ನನ್ನೂ ಬಿಟ್ಟಿಲ್ಲ. ಹುಡುಗಿ ನೋಡಲು ಹೋದಾಗ ‘ಸ್ವಂತ ಗ್ಯಾರೇಜ್’ ಎಂದು ಹೇಳಿ, ಉಗುರಿನ ಗ್ರೀಸು ಕಾಣದಂತೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಒಂದೇ ಕೈಯಲ್ಲಿ ಉಪ್ಪಿಟ್ಟು ತಿಂದವನನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ.

ಗ್ಯಾರೇಜ್ ನನ್ನದಲ್ಲ, ಮೇಸ್ತ್ರಿಯದು. ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆಗೆ ಹೆದ್ದಾರಿ ಹಿಡಿಯುವಲ್ಲಿದೆ. ಮೇಸ್ತ್ರಿ ಯಲ್ಲದಕೆರೆಯವರು, ಕುರಿ ಸಾಕುವ ಮನೆಯವರು. ಹಿಂಡಿನಲ್ಲಿ ಒಂದು ಕುರಿ ಕೆಮ್ಮಿದರೆ ಯಾವುದೆಂದು ಅವರಪ್ಪ ಮಲಗಿದಲ್ಲಿಂದಲೇ ಹೇಳುತ್ತಿದ್ದರಂತೆ. ಇವರು ಇಂಜಿನ್ ಕೆಮ್ಮಿದರೆ ಯಾವ ಸಿಲಿಂಡರ್ ಎಂದು ಹೇಳುತ್ತಿದ್ದರು. ಒಂದು ಮೊಳ ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೇಲೆ, ಹಿಡಿ ಕಿವಿಯ ಮೇಲೆ. ಅಷ್ಟೇ ಅವರ ಕಂಪ್ಯೂಟರ್. ಅದಕ್ಕಾಗಿಯೇ ತುಮಕೂರಿನವರೆಗಿನ ಕಾರುಗಳು ನಮ್ಮಲ್ಲಿಗೆ ಬರುತ್ತಿದ್ದವು.

ಒಂದು ಮಧ್ಯಾಹ್ನ ಅವರು ಹಾಗೆಯೇ ಬಗ್ಗಿ ಕೇಳುತ್ತಿದ್ದಾಗ ನಾನು ಫೋನು ಬಂತೆಂದು ಇಂಜಿನ್ ಆಫ್ ಮಾಡಿದೆ. ರೇಡಿಯೇಟರ್ ಫ್ಯಾನ್ ಮಾತ್ರ ಗುಂಯ್ ಎನ್ನುತ್ತ ತಿರುಗುತ್ತಿತ್ತು. ಮೇಸ್ತ್ರಿ ಕಿವಿ ತೆಗೆಯಲಿಲ್ಲ. ತಲೆಯಾಡಿಸುತ್ತ, “ಈಗ ನೋಡು, ಹೆಂಗೆ ಬೆಣ್ಣೆಯಂಗೆ ಓಡ್ತೈತೆ” ಎಂದರು.

ನಾನು ಕಿಸಕ್ಕೆಂದೆ. ಅವರು ತಿರುಗಿ ನನ್ನ ಕೈಯಲ್ಲಿದ್ದ ಕೀ ನೋಡಿದರು.

“ಬಂದ್ ಮಾಡಿದ್ಯಾ?”

“ಈಗಷ್ಟೇ ಮೇಸ್ತ್ರಿ.”

“ಸುಳ್ಳು ಹೇಳ್ಬ್ಯಾಡ.” ಸ್ಕ್ರೂಡ್ರೈವರನ್ನು ಒರೆಸಿದರು, ಅದರ ಮೇಲೆ ಏನೂ ಇರಲಿಲ್ಲ. “ದಪ್ಪ ಸದ್ದು ಕೇಳ್ತಾವೆ. ಸಣ್ಣವು ಹೋಗಿ ಎರಡು ವರ್ಷಾತು. ನಿನಗೆ ಗೊತ್ತಾತಲ್ಲ, ಇಲ್ಲಿಗೇ ನಿಲ್ಲಲಿ. ಇನ್ನೊಬ್ಬನಿಗೆ ಗೊತ್ತಾದ ದಿನ ನಾನು ಕಾರಿನ ಬಾನೆಟ್ ಎತ್ತಲ್ಲ.”

ಅವತ್ತಿನಿಂದ ಅವರ ಕಿವಿ ನಾನು. ಒಂದು ಗುರುತು ಮಾಡಿಕೊಂಡೆವು. ಅವರು ಸ್ಕ್ರೂಡ್ರೈವರ್ ಇಟ್ಟುಕೊಂಡು ನನ್ನ ಮುಖ ನೋಡುವುದು, ಸದ್ದು ಬಂದರೆ ನಾನು ನಿಧಾನವಾಗಿ ಒಮ್ಮೆ ಕಣ್ಣು ಮುಚ್ಚಿ ತೆಗೆಯುವುದು. ಗಿರಾಕಿಗಳಿಗೆ ಇದು ಶಿಷ್ಯನ ಭಕ್ತಿಯಂತೆ ಕಾಣುತ್ತಿತ್ತು.

ಎಂಟು ತಿಂಗಳು ನಡೆಯಿತು. ಆಮೇಲೆ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯ ಹುಡುಗ ತನ್ನ ಟರ್ಬೊ ಕಾರು ತಂದ. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಮ್ಮ ಗ್ಯಾರೇಜಿನ ಮುಂದಿನ ಹಂಪ್ ದಾಟಿಸಲು ಅವನ ಇಬ್ಬರು ಗೆಳೆಯರು ಇಳಿದು, ಬಸುರಿಯನ್ನು ನಡೆಸಿಕೊಂಡು ಬಂದಂತೆ ಅಕ್ಕಪಕ್ಕ ನಡೆದರು. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡ ಹೆಚ್ಚಿಸಿಕೊಂಡಿದ್ದ. ಅಷ್ಟು ಗಾಳಿ ನುಗ್ಗಿದರೆ ಒಳಗಿನ ಕಿಡಿ ಬಿರುಗಾಳಿಗಿಟ್ಟ ಹಣತೆಯಂತೆ ಆರುತ್ತದೆ. ಅದಕ್ಕೆ ಜೋರು ಕಿಡಿ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್ ತರಿಸಿದ್ದ. ಅವು ಬೇರೆ ಯಾವುದೋ ದೊಡ್ಡ ಕಾರಿನವು. ಬೋಲ್ಟಿನ ತೂತು ಒಂದೂ ಹೊಂದುತ್ತಿರಲಿಲ್ಲ.

“ಆಗ್ತೈತಾ ಮೇಸ್ತ್ರೇ? ಬೆಂಗ್ಳೂರಲ್ಲಿ ಹದಿನೈದು ದಿನ ಬಿಡ್ರಿ ಅಂದ್ರು.”

“ಬೆಂಗ್ಳೂರೋರಿಗೆ ಹದಿನೈದು ದಿನ ಪಾರ್ಕಿಂಗ್ ಹುಡುಕಾಕೇ ಬೇಕು. ಕುಂತ್ಕಳ್ರಿ.”

ಹೊಸ ಕಾಯಿಲ್ ಕೂರಲು ನಡುವೆ ಒಂದು ಅಲ್ಯೂಮಿನಿಯಂ ಪ್ಲೇಟು ಬೇಕಿತ್ತು. ಅಳತೆಗೆ ಮೇಸ್ತ್ರಿ ಸ್ಕೇಲು ಮುಟ್ಟುವವರಲ್ಲ. ಅವರಿಗೆ ಬೇಕಾದ್ದು ದಪ್ಪನೆಯ ಮದುವೆ ಕಾರ್ಡು. ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಒಂದು ಸಿಕ್ಕಿತು. ದೇವರ ಚಿತ್ರವಿದ್ದ ಮೂಲೆಯನ್ನು ಕತ್ತರಿಸಿ, ಕಣ್ಣಿಗೊತ್ತಿಕೊಂಡು, ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಉಳಿದದ್ದನ್ನು ಇಂಜಿನ್ ತಲೆಯ ಮೇಲೆ ಹಾಸಿ ಗ್ರೀಸು ಹಚ್ಚಿದ ಹೆಬ್ಬೆರಳಿನಿಂದ ಉಜ್ಜಿದರು. ವಧುವರರ ಹೆಸರಿನ ಮೇಲೆ ನಾಲ್ಕು ದುಂಡನೆಯ ಗುರುತು ಮೂಡಿದವು. ಅದನ್ನೇ ಪ್ಲೇಟಿಗೆ ಅಂಟಿಸಿ ಕೊರೆದರು, ಅರದಿಂದ ಉಜ್ಜಿದರು. ಒಂದೂವರೆ ದಿನ. ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ನಾನು ನೋಡಿಲ್ಲ, ಮಾಡುವುದಂತೂ ದೂರ.

ಉಳಿದದ್ದು ಕೂರಿಸುವುದು. ಕಾಯಿಲಿನ ಕೆಳಗೆ ಉದ್ದನೆಯ ರಬ್ಬರ್ ಕೊಳವೆ. ಅದನ್ನು ಗುಂಡಿಗೆ ಇಳಿಸಿ ಅಂಗೈಯಿಂದ ಒತ್ತಿದರೆ ತಳದಲ್ಲಿರುವ ಪ್ಲಗ್ಗಿನ ತಲೆಗೆ ಕಚ್ಚಿಕೊಳ್ಳುತ್ತದೆ. ಕಚ್ಚಿದಾಗ ‘ಕಟ್’ ಎಂದು ಸಣ್ಣ ಸದ್ದು. ಆ ಸದ್ದು ಬಾರದೆ ಬೋಲ್ಟು ಬಿಗಿಯಬಾರದು. ನನಗೆ ಅವರು ಕಲಿಸಿದ ಮೊದಲ ಪಾಠವೇ ಅದು.

ಮೇಸ್ತ್ರಿ ಒತ್ತಿ ನನ್ನ ಮುಖ ನೋಡಿದರು. ಮೊದಲನೆಯದು ಕೂತಿತು, ಕಣ್ಣು ಮುಚ್ಚಿ ತೆಗೆದೆ. ಎರಡನೆಯದೂ ಕೂತಿತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಗೆಳೆಯರಲ್ಲೊಬ್ಬ, “ಲೇ, ನೀನು ಎಲ್ಲರಂಗೂ ಮಾಡ್ತೀಯಂತಲ್ಲ, ಇವರಪ್ಪನ್ನ ಮಾಡು ನೋಡಾಣ” ಎಂದ.

ಇವರಪ್ಪನನ್ನು ಭೀಮಸಮುದ್ರದಲ್ಲಿ ನೋಡಿದ್ದೆ. ಅಡಿಕೆ ಪರೀಕ್ಷೆ ಮಾಡುವಾಗ ಒಂದು ಹೋಳನ್ನು ದವಡೆಗಿಟ್ಟು, ಕಣ್ಣು ಮುಚ್ಚಿ ಕಚ್ಚುತ್ತಾರೆ. ಆಮೇಲೆ ಕಣ್ಣು ತೆರೆದು, ಮಾರಲು ಬಂದವನನ್ನು ಅವನೇ ಹುಳುಕು ಎಂಬಂತೆ ನೋಡುತ್ತಾರೆ. ನನಗೆ ಒಬ್ಬ ಕೇಳಿದರೆ ಸಾಕು. ಇಲ್ಲದ ಅಡಿಕೆಯನ್ನು ದವಡೆಗಿಟ್ಟೆ. ಕಣ್ಣು ಮುಚ್ಚಿದೆ, ನಿಧಾನವಾಗಿ. ತೆರೆದೆ.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತಿರುಗಿದಾಗ, ನನ್ನ ಮುಖವನ್ನೇ ನೋಡುತ್ತಿದ್ದ ಮೇಸ್ತ್ರಿ ಮೂರನೇ ಕಾಯಿಲಿನ ಬೋಲ್ಟು ಬಿಗಿಯುತ್ತಿದ್ದರು.

‘ಕಟ್’ ಕೇಳಿದ್ದೆನೇ? ನಗೆಯಲ್ಲಿ ತಿಳಿಯಲಿಲ್ಲ. ಬಿಚ್ಚಿರಿ ಎನ್ನಬಹುದಿತ್ತು. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ ತೆಗೆದೆ.

ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಾರು ಹೊರಟಿತು. ಹುಡುಗ ಓಡಿಸಿದ, ಮೇಸ್ತ್ರಿ ಪಕ್ಕದಲ್ಲಿ, ನಾನು ಹಿಂದೆ ಮಡಚಿಕೊಂಡು. ನಿಧಾನ ಹೋಗುವಾಗ ಏನೂ ಇಲ್ಲ. ಹೆದ್ದಾರಿಯ ಏರಿನಲ್ಲಿ ಅವನು ಆಕ್ಸಿಲರೇಟರ್ ಪೂರ್ತಿ ಒತ್ತಿದ. ಟರ್ಬೊ ಶಿಳ್ಳೆ ಹಾಕಿತು, ಮರುಕ್ಷಣ ಕಾರು ಎಡವಿದಂತೆ ಜಗ್ಗಿತು. ಮತ್ತೆ ಒತ್ತಿದ, ಮತ್ತೆ ಜಗ್ಗಿತು. ಹಿಂದೆ ಬರುತ್ತಿದ್ದ ಕೋಳಿ ಲಾರಿ ನಮ್ಮನ್ನು ದಾಟಿಕೊಂಡು ಹೋಯಿತು. ಹುಡುಗನಿಗೆ ಅದೇ ಹೆಚ್ಚು ಉರಿದದ್ದು.

ಗ್ಯಾರೇಜಿಗೆ ಬಂದು ಇಂಜಿನ್ ಆರಿಸದೆಯೇ ಬಾನೆಟ್ ಎತ್ತಿದ. “ಯಾರು ಕೂರ್ಸಿದ್ದು ಇದನ್ನ?”

ಮೇಸ್ತ್ರಿ ಸ್ಕ್ರೂಡ್ರೈವರ್ ತೆಗೆದುಕೊಂಡು ಬಗ್ಗಿದರು. ಕಿವಿಗಿಟ್ಟುಕೊಂಡು ನನ್ನನ್ನು ನೋಡಿದರು. ನನಗೆ ನಿಂತಲ್ಲಿಂದಲೇ ಕೇಳುತ್ತಿತ್ತು: ಮೂರನೆಯದರಿಂದ ಟಿಕ್, ಟಿಕ್, ಟಿಕ್. ಕಿಡಿ ಪ್ಲಗ್ಗಿಗೆ ಹೋಗದೆ ಹೊರಗೆ ಹಾರುತ್ತಿತ್ತು.

“ನೀನೇನು ಕಣ್ಣು ಬಿಡ್ತೀಯ? ಕೈಗೆ ಕೊಟ್ಟೋನು ನೀನೇ ತಾನೆ? ಮಂಗನಾಟ ಆಡ್ಕಂತ ಕೆಡ್ಸಿದೆಯಾ?” ಎಂದು ಹುಡುಗ ನನ್ನ ಮೇಲೆ ತಿರುಗಿದ.

ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಸಿಟ್ಟು ಬಂತು. ನಿಜವಾದ ಬೈಗುಳಕ್ಕೆ ಬರುವ ಸಿಟ್ಟೇ ಬೇರೆ. ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಮೇಸ್ತ್ರಿಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅವರ ಹಾಗೆಯೇ ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ, ಸತ್ತ ಇಂಜಿನ್ನಿಗೆ ಕಿವಿ ಕೊಟ್ಟು, ತಲೆಯಾಡಿಸಿ, ಅವರದೇ ದನಿಯಲ್ಲಿ, “ಈಗ ನೋಡು, ಹೆಂಗೆ ಬೆಣ್ಣೆಯಂಗೆ ಓಡ್ತೈತೆ” ಎಂದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹುಡುಗನೇ ಮೊದಲು ನಕ್ಕ. “ಮೇಸ್ತ್ರಿಗೆ ಕಿವಿ ಇಲ್ವಾ? ಅಯ್ಯೋ ಶಿವನೇ. ಏ, ಇನ್ನೊಂದ್ಸಲ ಮಾಡು.” ಗೆಳೆಯ ಫೋನು ಎತ್ತಿ ಹಿಡಿದ.

ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಂದು ಸಲವೂ ಮಾಡಿದೆ. ಅದು ಮೊದಲಿನದಕ್ಕಿಂತ ಚೆನ್ನಾಗಿ ಬಂತು.

ಮೇಸ್ತ್ರಿ ಕಾಯಿಲ್ ನಾಲ್ಕರ ಮೇಲೂ ಬೆರಳಿಟ್ಟು ಒಂದೊಂದೇ ಅಲುಗಿಸಿ ನೋಡಿದರು. ಮೂರನೆಯದರ ಬೋಲ್ಟು ಬಿಚ್ಚಿ, ಅಂಗೈಯಿಟ್ಟು ಇಡೀ ಮೈಭಾರ ಹಾಕಿ ಒತ್ತಿದರು. ‘ಕಟ್’ ಎಂದಿತು. ನಾನು ಕಣ್ಣು ಮುಚ್ಚಿ ತೆಗೆದೆ. ಅವರು ನನ್ನ ಕಡೆ ನೋಡಿರಲಿಲ್ಲ.

ಕಾರು ಆಮೇಲೆ ಬಾಣದಂತೆ ಹೋಯಿತು, ಈಗಲೂ ಹೋಗುತ್ತಿದೆ. ಅದಕ್ಕಿಂತ ಬೇಗ ಹೋದದ್ದು ಆ ವಿಡಿಯೊ. ಮತ್ತೋಡಿನ ನನ್ನ ಸೋದರಮಾವನೇ ನನಗೆ ಅದನ್ನು ಕಳಿಸಿ, “ಯಾರೋ ನಿನ್ನಂಗೇ ಅವನೆ ನೋಡು” ಎಂದ. ಗಿರಾಕಿಗಳು ಮೇಸ್ತ್ರಿಯ ಜೊತೆ ಕೂಗಿ ಮಾತಾಡತೊಡಗಿದರು. ಕೆಲವರು ಅವರ ಎದುರಿಗೇ, “ನೀನು ಕೇಳಪ್ಪ, ನಿನಗೆ ಕಿವಿ ಐತೆ” ಎಂದು ನನಗೆ ಹೇಳಿದರು.

ವಾರ ಕಳೆದ ಮೇಲೆ ಮೇಸ್ತ್ರಿ ಸ್ಪ್ಯಾನರ್ ಪೆಟ್ಟಿಗೆಯನ್ನು ಶೆಡ್ಡಿನ ಹಿಂಭಾಗಕ್ಕೆ ಎಳೆದರು.

“ಕಾರು ನೀನು ನೋಡ್ಕ. ನಾನು ಟ್ರ್ಯಾಕ್ಟರ್ ನೋಡ್ತೀನಿ. ಅವು ದಪ್ಪ ಮಾತಾಡ್ತಾವೆ.”

“ಮೇಸ್ತ್ರಿ, ಅವತ್ತು ಮೂರನೇದಕ್ಕೆ ನಾನು...”

“ಗೊತ್ತು ಬಿಡು. ನಿನ್ನ ದವಡೆ ಅಲ್ಲಾಡ್ತಿತ್ತು. ನಾನೇ ಸರಿಯಾಗಿ ನೋಡ್ಬೇಕಿತ್ತು.”

ತಪ್ಪನ್ನೂ ಅವರೇ ತೆಗೆದುಕೊಂಡು ಹೋದರು, ನನಗೆ ಹೊರಲಿಕ್ಕೂ ಬಿಡಲಿಲ್ಲ. ಬೈದಿದ್ದರೆ ಆ ಬೈಗುಳವನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿಯಾದರೂ ಹಗುರವಾಗುತ್ತಿದ್ದೆ.

ಈಗ ಅದೇ ಸ್ಕ್ರೂಡ್ರೈವರ್ ನನ್ನ ಬಳಿಯಿದೆ. ಬಂದವರು ಮೇಸ್ತ್ರಿಯನ್ನು ಮಾಡು ಎನ್ನುತ್ತಾರೆ. ಗಂಟಲು ಕೆಟ್ಟಿದೆ ಎಂದು, ಗಂಟಲು ಕೆಟ್ಟವನ ದನಿಯಲ್ಲಿ ಹೇಳುತ್ತೇನೆ. ಹಿಂದಿನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಗುಡುಗುತ್ತಿರುತ್ತದೆ. ನಾನು ಕಾಯಿಲ್ ಇಳಿಸಿ ಒತ್ತುತ್ತೇನೆ, ‘ಕಟ್’ ಎನ್ನುತ್ತದೆ, ಕಣ್ಣು ತಾನಾಗಿಯೇ ಮುಚ್ಚಿ ತೆರೆಯುತ್ತದೆ. ಬಾನೆಟ್ಟಿನ ಆ ಕಡೆ ಯಾರೂ ನೋಡುತ್ತಿರುವುದಿಲ್ಲ.